ಕಾಕಾ ತೋರಿಸಿದ ಕೊಳ್ಳ

ಗಜೇಂದ್ರಗಡದಲ್ಲಿ ಒಬ್ಬರಿದ್ದಾರೆ. ಮೂವತ್ತೈದು ವರ್ಷ ಪೋಸ್ಟ್‌ಮನ್ ಆಗಿ ಊರವರ ಕಾಗದ, ಮನಿಯಾರ್ಡರು, ಕೋರ್ಟಿನ ನೋಟೀಸುಗಳನ್ನೆಲ್ಲ ಸರಿಯಾದ ಬಾಗಿಲಿಗೆ ಮುಟ್ಟಿಸಿದ ಈ ಮಹಾನುಭಾವರು ನಿವೃತ್ತಿಯಾದ ಮರುವರ್ಷದಿಂದ ಅದೇ ಊರವರನ್ನು ದಾರಿ ತಪ್ಪಿಸುವ ಉದ್ಯೋಗ ಹಿಡಿದಿದ್ದಾರೆ! ಬಿಸಿಲಲ್ಲಿ ಗುಡ್ಡ ಅಲೆದು, ಯಾರನ್ನು ಎಲ್ಲಿ ಹೇಗೆ ತಪ್ಪಿಸಬಹುದೆಂದು ತಿಂಗಳುಗಟ್ಟಲೆ ಯೋಚಿಸಿ, ಚೆನ್ನಾಗಿ ತಪ್ಪಿಸಿದ ಮೇಲೆ ಅವರಿಗೆ ಲಿಂಬೆಹಣ್ಣಿನ ಪಾನಕ ಕುಡಿಸಿ ಕಳಿಸುತ್ತಾರೆ. ಇಂಥವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಹುಟ್ಟಿದಾಗಿನಿಂದ ಕಾಣುತ್ತಿದ್ದೇನೆ. ಅವರು ನನ್ನ ಸ್ವಂತ ಕಾಕಾ, ನಮ್ಮಪ್ಪನ ತಮ್ಮ.

ಅವರು ಹಿಡಿದ ಆಟಕ್ಕೆ ಓರಿಯೆಂಟಿಯರಿಂಗ್ ಎಂದು ಹೆಸರು. ಹೆಸರಿಗೆ ಹೆದರಬೇಡಿ. ಕೈಗೊಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ನಕ್ಷೆಯ ಮೇಲೆ ಕೆಂಪು ವೃತ್ತಗಳಿರುತ್ತವೆ. ಪ್ರತಿ ವೃತ್ತದ ಜಾಗದಲ್ಲಿ ಒಂದು ಪುಟ್ಟ ಧ್ವಜ. ಅದರ ಜೊತೆಗೆ ಚೀಟಿಗೆ ತೂತು ಹಾಕುವ ಒಂದು ಸಣ್ಣ ಸಲಕರಣೆ, ಒಂದೊಂದರ ತೂತು ಒಂದೊಂದು ಆಕಾರ. ಒಂದರಿಂದ ಹನ್ನೆರಡರವರೆಗೆ ಕ್ರಮವಾಗಿ ಹುಡುಕಿ, ಚೀಟಿಗೆ ತೂತು ಹಾಕಿಕೊಂಡು, ಮೊದಲು ಓಡಿ ಬಂದವರು ಗೆದ್ದಂತೆ. ಧಾರವಾಡಕ್ಕೆ ಪಿಂಚಣಿ ಕೆಲಸಕ್ಕೆಂದು ಹೋದ ಕಾಕಾ ಅಲ್ಲೊಂದು ಮೈದಾನದಲ್ಲಿ ಈ ಆಟ ನೋಡಿದರಂತೆ. ಪಿಂಚಣಿಯ ಕಾಗದವನ್ನು ಅಲ್ಲೇ ಮರೆತು, ನಕ್ಷೆಯೊಂದನ್ನು ಬೇಡಿ ತಂದರು. ಧ್ವಜಗಳನ್ನು ಎಲ್ಲೆಲ್ಲಿ ಇಡಬೇಕೆಂದು ಗೊತ್ತುಮಾಡುವವರೇ ಆ ಆಟದ ಬ್ರಹ್ಮ. ನಮ್ಮ ಕಡೆಯ ಬ್ರಹ್ಮ ಇವರೇ ಆದರು. ಒಂದೊಂದು ಜಾಗಕ್ಕೂ ಅವರು ಇಟ್ಟ ಹೆಸರು 'ಠಿಕಾಣಿ'.

ನಾನೋ, ರೋಣದಲ್ಲಿ ಪಾತ್ರೆ ಅಂಗಡಿ ಇಟ್ಟವನು. ಸುಮ್ಮನೆ ಇಟ್ಟವನಲ್ಲ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ, ಲಕ್ಕಲಕಟ್ಟಿಯಿಂದ ಕೊಣ್ಣೂರಿನವರೆಗೆ ಓಣಿ ಓಣಿ ತಿರುಗಿ, ಹಳೆಯ ಸೀರೆ ಪ್ಯಾಂಟುಗಳನ್ನು ಇಸಿದುಕೊಂಡು ಸ್ಟೀಲ್ ಡಬ್ಬಿ ಕೊಟ್ಟು ಮೇಲೆ ಬಂದವನು. ಎರಡು ಸೀರೆಗೆ ಒಂದು ತಾಟು ಕೇಳುವ ಅಕ್ಕನಿಂದ ಮೂರು ಸೀರೆ ತೆಗೆದುಕೊಂಡು, ಅವಳೇ ಗೆದ್ದಳೆಂದು ಅವಳಿಗೆ ಅನ್ನಿಸುವ ಹಾಗೆ ಮಾಡುವುದು ಹೇಗೆಂದು ಬೇಕಾದರೆ ನನ್ನನ್ನು ಕೇಳಿ! ವ್ಯಾಪಾರಕ್ಕಿಳಿಯುವ ಹುಡುಗರಿಗೆ ನನ್ನದೊಂದು ಪುಕ್ಕಟೆ ಸಲಹೆ: ಮೊದಲ ಬೆಲೆ ಯಾವತ್ತೂ ಎದುರಿನವರ ಬಾಯಿಂದಲೇ ಬರಲಿ. ಇನ್ನೊಂದು: ಜಗತ್ತಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಮಾಡಲಾಗದ ವಸ್ತು ಯಾವುದೂ ಇಲ್ಲ. ಈ ಎರಡು ಸಲಹೆಗಳಿಂದ ನಾನು ಮನೆ ಕಟ್ಟಿಸಿದೆ. ಇವೇ ಎರಡರಿಂದ ಮುಖ ಎತ್ತದ ಹಾಗೂ ಆದೆ. ಅದನ್ನು ಆಮೇಲೆ ಹೇಳುತ್ತೇನೆ. ಹೇಳಲು ಧೈರ್ಯ ಬೇಕು, ಮೊದಲು ಒಂದಿಷ್ಟು ನಗೋಣ.

ಕಾಕಾ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶದ ಆಮಂತ್ರಣ ಪತ್ರಿಕೆಯಲ್ಲಿ ವಿಳಾಸವೇ ಇಲ್ಲ! ವಿಳಾಸವಿರಬೇಕಾದಲ್ಲಿ ಒಂದು ನಕ್ಷೆ, ನಕ್ಷೆಯಲ್ಲೊಂದು ಕೆಂಪು ವೃತ್ತ. ಕೊಣ್ಣೂರಿನ ನಮ್ಮ ಬೀಗರು, ಅಂದರೆ ನನ್ನ ಮಗಳ ಅತ್ತೆ ಮಾವ, ಆ ವೃತ್ತವನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಎರಡನೆಯ ಪಂಕ್ತಿ ಎದ್ದು, ಎಲೆ ತೆಗೆಯುತ್ತಿದ್ದರು. ಬೀಗರ ಮುಖ ಸುಟ್ಟ ಬದನೆಕಾಯಿ. ನನಗೆ ನೆಲ ಬಿರಿದರೆ ಇಳಿದು ಹೋಗೋಣವೆನಿಸಿತು. ಕಾಕಾ ಮಾತ್ರ ಮಗು ಹುಟ್ಟಿದ ಸುದ್ದಿ ಕೇಳಿದವರ ಹಾಗೆ ಓಡಿ ಬಂದರು.

"ಯಾವ ದಾರಿ ಹಿಡದಿದ್ರಿ ಬೀಗರ? ಹಿಟ್ಟಿನ ಗಿರಣಿ ಹತ್ರ ಎಡಕ್ಕ ಹೊಳ್ಳಿದ್ರಿ, ಹೌದಲ್ರಿ? ನನಗ ಗೊತ್ತಿತ್ತು, ಅಲ್ಲೇ ತಪ್ಪತೀರಿ ಅಂತ!"

"ಗೊತ್ತಿದ್ರ ಮೊದಲ ಹೇಳಬಾರದಿತ್ತೇನ್ರಿ?"

"ಹೇಳಿದ್ರ ನೀವು ಬರತಿದ್ರಿ ಖರೇ. ಆದರ ಹುಡುಕತಿದ್ದಿಲ್ಲಲ್ರಿ!"

ಬೀಗರು ಮುಂದೆ ಎರಡು ವರ್ಷ ನನ್ನ ಜೊತೆ ಮಾತಾಡುವಾಗೆಲ್ಲ, "ನಿಮ್ಮ ಕಾಕಾ ಆರಾಮಾಗ್ಯಾರೇನು?" ಎಂದು ಕೇಳುತ್ತಿದ್ದರು. ಆರಾಮಿದ್ದಾರೆಯೇ ಎನ್ನದೆ ಆರಾಮಾಗಿದ್ದಾರೆಯೇ ಅನ್ನುವುದು ಕ್ಷೇಮ ಸಮಾಚಾರವಲ್ಲ, ತಲೆ ನೆಟ್ಟಗಾಯಿತೇ ಎಂಬ ಅನುಮಾನ ಎಂದು ನನಗೆ ತಿಳಿಯುತ್ತಿತ್ತು.

ಆಮೇಲೆ ಧ್ವಜ ಹೊಲಿಸುವ ಪ್ರಸಂಗ. ಈ ಆಟದ ಧ್ವಜ ಅರ್ಧ ಬಿಳಿ, ಅರ್ಧ ಕಿತ್ತಳೆ. ಮೂರು ಮಗ್ಗುಲಿನ ಆಕಾಶಬುಟ್ಟಿಯಂತೆ ತೂಗುತ್ತದೆ. ಕಾಕಾ ಬಟ್ಟೆ ಹಿಡಿದುಕೊಂಡು ಟೇಲರ್ ಮಾಬೂಸಾಬರ ಅಂಗಡಿಗೆ ಹೋದರು. ಸಾಬರು ಬಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಹೊಲಿಗೆ ಮಷಿನ್ನಿನ ಮೇಲಿಂದ ಕಾಲು ತೆಗೆದರು.

"ಯಾವ ಪಕ್ಷದ್ದರೀ ಇದು, ಪೋಸ್ಟ್‌ಮನ್ ಸಾಹೇಬ್ರ? ಮೊದಲ ಹೇಳಿ ಬಿಡ್ರಿ. ಆಮ್ಯಾಲ ನನ್ನ ಅಂಗಡಿ ಮುಂದ ಗದ್ಲ ಆಗಬಾರದು."

"ದಾರಿ ತಪ್ಪಿದವರ ಪಕ್ಷ, ಸಾಬ್ರ."

"ಹಂಗಾರ ಭಾಳ ದೊಡ್ಡ ಪಕ್ಷ ಐತಿ ಬಿಡ್ರಿ! ಹನ್ನೆರಡು ಧ್ವಜ ಎಲ್ಲಿಗೆ ಸಾಲತಾವು?"

ಆ ಹನ್ನೆರಡರಲ್ಲಿ ಒಂದನ್ನು ಕಾಕಾ ಪರೀಕ್ಷೆಗೆಂದು ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಲಿನ ಕೆಳಗಿನ ಒಂಟಿ ಕಲ್ಲಿನ ಮಗ್ಗುಲಲ್ಲಿ ಕಟ್ಟಿ ಬಂದರು. ಕಲ್ಲಿನ ಮೇಲೆ ಗುರುತಿಗೆಂದು ಸುಣ್ಣದ ಒಂದು ಚುಕ್ಕೆಯನ್ನೂ ಇಟ್ಟರು. ನಮ್ಮ ಕಡೆಯ ಜನ ನಿಮಗೆ ಗೊತ್ತಲ್ಲ? ಗುಡ್ಡದ ಮೇಲೆ ಒಂದು ಕಲ್ಲು, ಕಲ್ಲಿಗೊಂದು ಸುಣ್ಣದ ಬೊಟ್ಟು, ಪಕ್ಕದಲ್ಲಿ ಬಣ್ಣದ ಬಟ್ಟೆ ಕಂಡರೆ ಸುಮ್ಮನೆ ಬಿಡುತ್ತಾರೆಯೇ! ಮೂರನೆಯ ದಿನ ಕಾಕಾ ಹೋಗಿ ನೋಡಿದರೆ ಕಲ್ಲಿಗೆ ಅರಿಸಿನ ಕುಂಕುಮ, ಒಡೆದ ಕಾಯಿ, ಉರಿದು ಮುಗಿದ ಊದಿನಕಡ್ಡಿ. ಒಬ್ಬ ಅಜ್ಜಿ ಸೆರಗೊಡ್ಡಿ ಕುಳಿತಿದ್ದಾಳೆ. "ಯಾವ ದೇವರಬೇ ಇದು?" ಎಂದು ಕಾಕಾ ಕೇಳಿದರೆ, "ಗೊತ್ತಿಲ್ಲೋ ಯಪ್ಪಾ, ಮೊನ್ನೆ ಬಂದೈತಿ. ಹೊಸಾದು, ಬೇಡಿಕೊಂಡ್ರ ಲಗೂ ಕೇಳತೈತಿ" ಎಂದಳಂತೆ.

ನಾನಾಗಿದ್ದರೆ ಧ್ವಜ ಬಿಚ್ಚಿಕೊಂಡು ಬರುತ್ತಿದ್ದೆ. ಕಾಕಾ ಧ್ವಜ ಅಲ್ಲೇ ಬಿಟ್ಟು ಬಂದು, ನಕ್ಷೆಯಲ್ಲಿ 'ಕಲ್ಲು' ಎಂದಿದ್ದುದನ್ನು ಅಳಿಸಿ 'ಗುಡಿ' ಎಂದು ತಿದ್ದಿದರು. ಕೇಳಿದರೆ, "ನಕ್ಷಾ ಖರೇ ಇರಬೇಕಪಾ" ಎಂದರು. ಅಂದಿನಿಂದ ಅವರು ಯಾವ ಠಿಕಾಣಿಗೂ ಮುಂಚಿತವಾಗಿ ನೆಲದ ಮೇಲೆ ಗುರುತು ಹಾಕುವುದನ್ನೇ ಬಿಟ್ಟರು. ಗುರುತೆಲ್ಲ ನಕ್ಷೆಯಲ್ಲಿ, ತಲೆಯಲ್ಲಿ. ಮಾಬೂಸಾಬರು ಇನ್ನೊಂದು ಧ್ವಜ ಹೊಲಿದರು.

ಈ ಸಲದ ಆಟಕ್ಕೆ ರೋಣ, ನರಗುಂದಗಳಿಂದಲೂ ಸಾಲಿ ಕಾಲೇಜಿನ ಹುಡುಗ ಹುಡುಗಿಯರು ಬರುವವರಿದ್ದರು. ಕಾಕಾ ನನ್ನನ್ನು ಸಹಾಯಕ್ಕೆ ಕರೆದರು. ಅಂಗಡಿ ಬಿಟ್ಟು ಬರುವುದೆಂದರೆ ನಷ್ಟವೇ. ಆದರೂ ಬಂದೆ, ಬಂದವನು ಸಲಹೆ ಕೊಡದೆ ಇರುತ್ತೇನೆಯೇ? ನಕ್ಷೆಯನ್ನು ಕೈಗೆ ತೆಗೆದುಕೊಂಡು ವ್ಯಾಪಾರ ಶುರು ಮಾಡಿದೆ.

"ಕಾಕಾ, ಹನ್ನೆರಡು ಭಾಳ ಆದೂರಿ. ಎಂಟು ಮಾಡ್ರಿ."

"ಹನ್ನೆರಡು."

"ಹತ್ತು! ನನ್ನ ಮಾತೂ ಬ್ಯಾಡ, ನಿಮ್ಮ ಮಾತೂ ಬ್ಯಾಡ."

"ಲೇ ತಮ್ಮಾ, ಇದು ಗುಡ್ಡ ಐತಿ, ಪಾತ್ರಿ ಅಂಗಡಿ ಅಲ್ಲ. ಹನ್ನೆರಡು."

"ಹೋಗ್ಲಿ, ಈ ಒಂಬತ್ತನೇದನ್ನರ ಡಾಂಬರ ರಸ್ತಾದ ಬಾಜೂಕ ತರ್ರಿ. ಚಾದಂಗಡಿನೂ ಐತಿ. ಹುಡುಗರು ಚಾ ಕುಡಕೊಂಡು ತೂತು ಹಾಕ್ಕೊಂಡು ಹೊಕ್ಕಾವು."

ಕಾಕಾ ನನ್ನ ಮುಖವನ್ನು ಕರುಣೆಯಿಂದ ನೋಡಿದರು. ಒಂಬತ್ತನೆಯ ಠಿಕಾಣಿ ಅವರ ಜೀವಮಾನದ ಕೃತಿ ಎಂದು ನನಗೆ ಗೊತ್ತಿರಲಿಲ್ಲ. ಆಟದ ಎರಡು ದಿನ ಮೊದಲು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗುಡ್ಡದ ಬಡಗಣ ಇಳಿಜಾರಿನಲ್ಲಿ ಎರಡು ಕೊಳ್ಳಗಳು ಅಕ್ಕಪಕ್ಕ ಇಳಿಯುತ್ತವೆ, ಒಂದೇ ತಾಯಿಯ ಅವಳಿ ಮಕ್ಕಳ ಹಾಗೆ. ಎರಡರ ತಳದಲ್ಲೂ ಒಂದೊಂದು ದೊಡ್ಡ ಬಂಡೆ. ನಡುವೆ ಜಾಲಿಮುಳ್ಳು ತುಂಬಿದ ಒಂದು ದಿಬ್ಬ.

"ಇದಲ್ಲ ನೋಡು, ಇದರ ಆಚೀದು," ಎಂದು ಕಾಕಾ ಕೈ ಮಾಡಿ ತೋರಿಸಿದರು. "ಅವಸರ ಮಾಡಾವ್ರೆಲ್ಲ ಈಚೀದರಾಗ ಇಳೀತಾರ. ಹೆಜ್ಜಿ ಎಣಿಸಿ, ದಿಕ್ಕು ನೋಡಿ ಬಂದಾವರು ಆಚೀದಕ್ಕ ಹೊಕ್ಕಾರ. ಇಡೀ ಆಟದಾಗ ಶಾಣ್ಯಾ ಯಾರು, ಅವಸರದಾವ ಯಾರು ಅಂತ ಇಲ್ಲೇ ತಿಳೀತೈತಿ. ಈ ಒಂದು ಜಾಗಾ ಸಿಗಾಕ ನನಗ ನಾಕು ತಿಂಗಳಾತು."

ನಾನು, "ಹೌದ್ರಿ ಹೌದ್ರಿ" ಎಂದೆ. ಮನಸ್ಸಿನಲ್ಲಿ ಇಡ್ಲಿ ಪಾತ್ರೆಗಳ ಲಾರಿ ಬಂತೋ ಇಲ್ಲವೋ ಎಂಬ ಯೋಚನೆ.

ಆಟದ ದಿನ ಮುಂಜಾನೆ ಒಂದರಿಂದ ಎಂಟರ ಧ್ವಜ ಕಟ್ಟುವುದು ಕಾಕಾ ಪಾಲು, ಒಂಬತ್ತರಿಂದ ಹನ್ನೆರಡು ನನ್ನ ಪಾಲು. ಈಚೆಯ ಕೊಳ್ಳದ ಬಾಯಿಗೆ ಬಂದು ನಿಂತೆ. ಆಚೆಯದಕ್ಕೆ ಹೋಗಬೇಕೆಂದರೆ ಆ ಜಾಲಿಮುಳ್ಳಿನ ದಿಬ್ಬ ಹತ್ತಿ ಇಳಿಯಬೇಕು. ಹೊಸ ಚಪ್ಪಲಿ. ಮೊಣಕಾಲು ಮೊದಲೇ ಕಿರಿಕಿರಿ. ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ. ಕೊಳ್ಳ ಅಂದರೆ ಕೊಳ್ಳ. ಬಂಡೆ ಅಂದರೆ ಬಂಡೆ. ನೂರು ಹೆಜ್ಜೆಯ ರಿಯಾಯಿತಿಯನ್ನು ಗುಡ್ಡ ನನಗೆ ಕೊಡಲಾರದೇ? ಮಕ್ಕಳಿಗೂ ಲಗೂ ಸಿಗುತ್ತದೆ, ಪುಣ್ಯ ಬರುತ್ತದೆ! ಹೀಗೆ ಗುಡ್ಡದ ಜೊತೆ ಚೌಕಾಶಿ ಮುಗಿಸಿ, ಗುಡ್ಡ ಒಪ್ಪಿತೆಂದು ತಿಳಿದು, ಈಚೆಯ ಕೊಳ್ಳದಲ್ಲೇ ಧ್ವಜ ಕಟ್ಟಿ ಬಂದೆ.

ಏನಾಗಬೇಕೋ ಅದೇ ಆಯಿತು. ಹೆಜ್ಜೆ ಎಣಿಸದೆ, ದಿಕ್ಕು ನೋಡದೆ, ಸಿಕ್ಕ ಕೊಳ್ಳಕ್ಕೆ ಧುಮುಕಿದ ನಮ್ಮ ರೋಣದ ಮೂವರು ಹುಡುಗರಿಗೆ ಧ್ವಜ ಸಿಕ್ಕಿತು! ಕೇಕೆ ಹಾಕುತ್ತ ಬಂದು ಮೊದಲಿಗರಾದರು. ಎಂಟನೆಯದರವರೆಗೆ ಎಲ್ಲರಿಗಿಂತ ಮುಂದಿದ್ದವಳು ನರಗುಂದದ ಒಂದು ಹುಡುಗಿ, ಹತ್ತನೆಯ ಇಯತ್ತೆಯವಳು. ಅವಳು ಬಂದದ್ದು ಒಂದು ತಾಸು ತಡವಾಗಿ. ಮೊಣಕೈವರೆಗೆ ಮುಳ್ಳು ಗೀಚಿತ್ತು. ಚೀಟಿಯಲ್ಲಿ ಒಂಬತ್ತನೆಯ ಮನೆ ಖಾಲಿ.

"ಅಜ್ಜಾರ, ನೀವು ನಕ್ಷಾದಾಗ ಗುರುತು ಮಾಡಿದ ಕೊಳ್ಳದಾಗ ಧ್ವಜಾನ ಇಲ್ರಿ."

ಅವಳ ಜೊತೆ ಬಂದಿದ್ದ ಮಾಸ್ತರರು ನಕ್ಕರು. "ನಿನಗ ಸಿಗಲಿಲ್ಲಂದ್ರ ಇಲ್ಲಂತ ಹೇಳೂದೇನವಾ?"

"ಇಲ್ರಿ ಸರ್. ಮೂರು ಸಲ ಹೊಳ್ಳಿ ಹೋಗಿ ಎಣಿಸೇನ್ರಿ. ನಾ ಸರಿ ಜಾಗಾದಾಗ ಇದ್ದೆ." ಹೇಳುತ್ತ ಚೀಟಿಯನ್ನು ಕಾಕಾನ ಮುಂದೆ ಹಿಡಿದಳು.

ಎಲ್ಲರೂ ನಕ್ಕರು, ಕಾಕಾ ನಗಲಿಲ್ಲ. ನಕ್ಷೆ ತೆಗೆದುಕೊಂಡು ಸೀದಾ ಗುಡ್ಡ ಹತ್ತಿದರು. ಹಿಂದೆ ನಾನು, ಮಾಸ್ತರರು, ಹುಡುಗಿ, ಹತ್ತಾರು ಮಂದಿ. ಈಚೆಯ ಕೊಳ್ಳದಲ್ಲಿ ಬಿಳಿ ಕಿತ್ತಳೆಯ ಧ್ವಜ ಹಾಯಾಗಿ ತೂಗುತ್ತಿತ್ತು. ಕಾಕಾ ಅದನ್ನು ನೋಡಿದರು, ನಕ್ಷೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಎಲ್ಲಿ ಕಟ್ಟಂದಿದ್ದೆನೋ ನಾ ನಿನಗ?"

ಇಲ್ಲಿ ನಾನು, "ಆಚೀದರಾಗ" ಎಂದಿದ್ದರೆ ಮುಗಿದಿತ್ತು. ನಾಲ್ಕು ಮಂದಿ ನಗುತ್ತಿದ್ದರು, ಕಾಕಾ ಬೈಯುತ್ತಿದ್ದರು, ಸಂಜೆಗೆ ಮರೆಯುತ್ತಿದ್ದರು. ಆದರೆ ರೋಣದ ಗಿರಾಕಿಗಳ ಎರಡು ಮೂರು ಮುಖ ಆ ಗುಂಪಿನಲ್ಲಿದ್ದವು. ಎದುರಿನವರೇ ಮೊದಲು ಹೇಳಲೆಂದು ಸುಮ್ಮನೆ ನಿಂತೆ. ಎಷ್ಟೋ ವರ್ಷದ ಅಭ್ಯಾಸ!

ಕಾಕಾನ ದನಿ ಸಣ್ಣಗಾಯಿತು. "ಇದನ್ನ ತೋರಿಸಿದ್ದೆನೇನು?"

"ನೀವು ತೋರಿಸಿದಲ್ಲೇ ಕಟ್ಟೇನ್ರಿ ಕಾಕಾ," ಎಂದೆ.

ಅವರು ಕೆಳಗೆ ಬಂದು, ಅಷ್ಟೂ ಜನರ ಮುಂದೆ, ಆ ಹುಡುಗಿಯ ಎದುರು ನಿಂತು ಕೈ ಮುಗಿದರು. "ಈ ಮಗು ಸರಿ ಹೋಗ್ಯಾಳ. ತಪ್ಪು ನಂದು. ಠಿಕಾಣಿ ತೋರಸೂದರಾಗ ನಾ ತಪ್ಪೇನಿ." ಬಹುಮಾನ ಯಾರಿಗೂ ಇಲ್ಲವೆಂದರು. ರೋಣದ ಹುಡುಗರು ಗೊಣಗಿದರು. ಹಿಂದಿನಿಂದ ಯಾರೋ, "ವಯಸ್ಸಾತು ಬಿಡ್ರಿ, ಪಾಪ" ಎಂದರು. ಕಾಕಾ ತಿರುಗಿ ಆ ಕಡೆಯೇ ನೋಡಿದರು. ಪಾನಕದ ಬಕೆಟ್ಟಿನ ಹತ್ತಿರ ನಾನು ಲೋಟ ತೊಳೆಯುತ್ತ ನಿಂತೆ. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದೆ.

ಇಷ್ಟು ದಿನ ಈ ಕಾಕಾನಿಂದ ನನಗೆ ನಾಚಿಕೆ ಎಂದು ತಿಳಿದಿದ್ದೆನಲ್ಲ, ಆ ನಾಚಿಕೆ ಬರೀ ಮೈಮೇಲಿನ ಧೂಳು. ಇದು ಹಾಗೆ ಝಾಡಿಸಿದರೆ ಹೋಗುವಂಥದ್ದಾಗಿರಲಿಲ್ಲ. ಆದರೂ ನಾನು ಬುದ್ಧಿವಂತ ನೋಡಿ, ಸಮಾಧಾನ ಹುಡುಕಿದೆ. ಆಟ ತಾನೇ? ಯಾರ ಮನೆ ಮುಳುಗಿತು? ನಾಲ್ಕು ದಿನ ಕಳೆದರೆ ಕಾಕಾ ಮತ್ತೆ ಗುಡ್ಡ ಹತ್ತುತ್ತಾರೆ. ಹೀಗೆ ಮೂರು ವಾರ ಕಳೆದೆ. ಅಂಗಡಿಯಲ್ಲಿ ಗಿರಾಕಿ ಕೇಳಿದ ಬೆಲೆಗೆ ಪಾತ್ರೆ ಕೊಟ್ಟು ಕಳಿಸತೊಡಗಿದೆ. "ನಿಮಗ ಜ್ವರಾ ಗಿರಾ ಬಂದಾವೇನ್ರಿ?" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು.

ಕೊನೆಗೊಂದು ಭಾನುವಾರ ಇಡ್ಲಿ ಪಾತ್ರೆಯೊಂದನ್ನು ನೆಪ ಮಾಡಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ. ಕಾಕಾ ಮನೆಯಲ್ಲಿರಲಿಲ್ಲ. ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿತ್ತು, ಕಾಕಾನದೇ ಮುತ್ತಿನಂಥ ಅಕ್ಷರ: 'ಕೀಲಿ ಹಾಕಿದಿಯಾ?' ಒಲೆಯ ಗೋಡೆಗೆ ಇನ್ನೊಂದು: 'ಗ್ಯಾಸ್ ಬಂದ್ ಮಾಡಿದಿಯಾ?'

"ಇದೇನ್ರಿ ಕಾಕು?" ಎಂದು ಕಾಕಾನ ಹೆಂಡತಿಯನ್ನು ಕೇಳಿದೆ. ನಗಬೇಕೆಂದುಕೊಂಡೇ ಕೇಳಿದೆ.

ಕಾಕು ಇಡ್ಲಿ ಪಾತ್ರೆಯ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮ ಮುತ್ಯಾ, ಇವರಪ್ಪ, ಕಡೀಗೆ ಹ್ಯಾಂಗ ಆಗಿದ್ರು, ನೆನಪೈತೇನು? ಅಂಗಳದಾಗ ನಿಂತು, 'ನಮ್ಮ ಮನಿ ಎಲ್ಲೈತ್ರಿ' ಅಂತ ಹೋಗಾವ್ರನ ಬರಾವ್ರನ ಕೇಳತಿದ್ರಲ್ಲ? ಅದು ತನಗೂ ಸುರು ಆತು ಅಂತಾರಪಾ ಇವರು. ದಿನಾ ಮುಂಜಾನೆದ್ದು ಆ ಕೊಳ್ಳಕ್ಕ ಹೊಕ್ಕಾರ. 'ಆಚೀದು ತೋರಿಸಿದ್ದು ನನಗ ಕಣ್ಣಿಗೆ ಕಟ್ಟಿದಂಗ ಐತಿ, ಆದರ ಈಚೀದು ತೋರಿಸೇನಂತ. ಹಂಗಾರ ನನ್ನ ನೆನಪನ್ನ ಹ್ಯಾಂಗ ನಂಬಲಿ?' ಅಂತಾರ. ನಾಳೆ ಗದಗಿನ ದವಾಖಾನಿಗೆ ತಲಿ ತೋರಸಾಕ ಹೊಂಟಾರ. ನಿನಗ ಹೇಳಬ್ಯಾಡ ಅಂದಾರ. ನಿನ್ನ ಮುಂದ ಸಣ್ಣಾವಾದೆ ಅಂತ ಅವರಿಗೆ..."

ಮುಂದಿನದನ್ನು ನಾನು ಕೇಳಲಿಲ್ಲ. ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಗುಡ್ಡದ ದಾರಿ ಹಿಡಿದೆ.

ಎರಡು ಕೊಳ್ಳಗಳ ನಡುವಿನ ದಿಬ್ಬದ ಮೇಲೆ ಕಾಕಾ ಕುಳಿತಿದ್ದರು. ತೊಡೆಯ ಮೇಲೆ ನಕ್ಷೆ. ಒಮ್ಮೆ ಎಡಕ್ಕೆ ನೋಡುತ್ತಿದ್ದರು, ಒಮ್ಮೆ ಬಲಕ್ಕೆ. ನನ್ನನ್ನು ಕಂಡು ನಕ್ಷೆ ಮಡಿಸಿದರು.

"ಏನೋ, ಅಂಗಡಿ ಬಿಟ್ಟ ಬಂದಿ?"

ದಾರಿಯುದ್ದಕ್ಕೂ ನಾನು ಮಾತು ಹೊಂದಿಸಿಕೊಂಡಿದ್ದೆ. ಮೊದಲು ಮೊಣಕಾಲಿನ ವಿಷಯ, ಆಮೇಲೆ ಮುಳ್ಳು, ಆಮೇಲೆ ಗಡಿಬಿಡಿ, ಹೀಗೆ ಮೆಲ್ಲಗೆ ಇಳಿಸುತ್ತ ಬರೋಣವೆಂದು. ಅವರ ಮುಖ ನೋಡಿದ ಮೇಲೆ ಒಂದೂ ಹೊರಡಲಿಲ್ಲ.

"ಕಾಕಾ, ನೀವು ಆಚೀದನ್ನ ತೋರಿಸಿದ್ರಿ. ಮುಳ್ಳದಾವಂತ ನಾ ಈಚೀದರಾಗ ಕಟ್ಟಿದೆ. ಮಂದಿ ಮುಂದ ಸುಳ್ಳ ಹೇಳಿದೆ."

ಕೆನ್ನೆಗೆ ಏಟು ಬಿದ್ದರೆ ಬೀಳಲೆಂದು ನಾನು ಹತ್ತಿರವೇ ನಿಂತಿದ್ದೆ.

"ಇನ್ನೊಮ್ಮೆ ಹೇಳು."

ಹೇಳಿದೆ.

"ನಾ ಏನಂದಿದ್ದೆ? ಹ್ಯಾಂಗ ಅಂದಿದ್ದೆ, ಹಂಗ ಹೇಳು."

"'ಇದಲ್ಲ ನೋಡು, ಇದರ ಆಚೀದು' ಅಂದಿದ್ರಿ. ಕೈ ಮಾಡಿ ತೋರಿಸಿದ್ರಿ."

"ಅಂದಿದ್ದೆ! ಕೈ ಮಾಡಿದ್ದೆ! ಹೌದಲ್ಲೋ?" ಅವರು ಎದ್ದು ನಿಂತರು. ನನ್ನ ಎರಡೂ ಭುಜ ಹಿಡಿದರು. "ನೀ ಸುಳ್ಳ ಹೇಳಿದಿ, ಹೌದಲ್ಲೋ? ಬರೇ ಸುಳ್ಳ?"

"ಬರೇ ಸುಳ್ಳರಿ ಕಾಕಾ."

ಆ ಮನುಷ್ಯ ನಕ್ಕರು ನೋಡಿ! ಎರಡೂ ಕೊಳ್ಳ ತುಂಬುವ ಹಾಗೆ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ಇನ್ನ ಗದಗ ಬ್ಯಾಡ, ನಾಳೆ ನರಗುಂದಕ್ಕ ಹೋಗೂಣು. ಆ ಹುಡುಗಿಗೆ ಇದನ್ನ ನಿನ್ನ ಬಾಯಿಲೆ ಹೇಳಬೇಕು" ಎಂದರು. "ಹೂಂ" ಎಂದೆ. ಕಾಕಾನ ಜೊತೆ ಮೊದಲ ಸಲ ಚೌಕಾಶಿ ಮಾಡಲಿಲ್ಲ. ಆಮೇಲೆ ಅವರು ನನಗೆ ಕಾಯದೆ ಇಳಿಜಾರಿನಲ್ಲಿ ಇಳಿದೇ ಬಿಟ್ಟರು. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ.

ಓಣಿಯ ತುದಿಗೆ ಬಂದಿದ್ದೇ ತಡ, ಕಾಕಾ ಅಲ್ಲಿಂದಲೇ ಕೂಗಿದರು. "ಏ, ಎಲ್ಲಿದ್ದೀಯೇ? ಹೊರಗ ಬಾ ಇಲ್ಲೆ! ಇಂವ ಸುಳ್ಳ ಹೇಳ್ಯಾನ! ಇಂವ ಸುಳ್ಳ ಹೇಳಿದ್ದನಂತ!"

ಮನೆಯ ಮಗನಿಗೆ ರ‍್ಯಾಂಕ್ ಬಂದರೆ ಕೂಗುವ ದನಿಯದು. ಓಣಿಯ ಬಾಗಿಲುಗಳೆಲ್ಲ ತೆರೆದವು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡವರು, ಮಗ್ಗದಿಂದ ಎದ್ದು ಬಂದವರು, ಎಲ್ಲರೂ ಕಟ್ಟೆಯ ಮೇಲೆ ನಿಂತು ನನ್ನನ್ನು ನೋಡಿದರು. ನಾನು ನೆಲ ನೋಡುತ್ತ ನಡೆದೆ. ಕಾಕು ಹೊಸ್ತಿಲ ಮೇಲೆ ನಿಂತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು. ಕಾಕಾ ಅವರ ಮುಂದೆ ನನ್ನನ್ನು ತಂದು ನಿಲ್ಲಿಸಿ, "ಹೇಳು, ಕಾಕುಗೂ ಹೇಳು. ಒಂದು ಶಬ್ದಾ ಬಿಡಬ್ಯಾಡ" ಎಂದರು.

ಹೇಳಿದೆ. ಈಗಲಾದರೂ ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ. ಕಾಕು ಮೆಟ್ಟಿಲಿಳಿದು ಬಂದರು. ಎರಡೂ ಕೈಗಳಿಂದ ನನ್ನ ಕೆನ್ನೆ ಸವರಿ, ತಮ್ಮ ಹಣೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದರು.